ಅಣ್ಣನಿಗೊಂದು ವಿಮಾನ

ಅಣ್ಣನ ಅರವತ್ತರ ಶಾಂತಿಗೆ ಉಡುಗೊರೆಯಾಗಿ ಕೊಡಲು ಚಿಕ್ಕ ಸಾಹುಕಾರರು ಹತ್ತು ಜನ ಕೂಡುವಂಥ ಸೆಕೆಂಡ್‌ಹ್ಯಾಂಡ್ ಜೆಟ್ ವಿಮಾನ ಹುಡುಕುತ್ತಿದ್ದರು. ಪರೀಕ್ಷಿಸುವ ಕೆಲಸ ಇಂಜಿನಿಯರ್ ಧರಣೇಂದ್ರನದು. ಈಗಾಗಲೇ ಎರಡು ವಿಮಾನಗಳನ್ನು ಮೂಗಿನಿಂದ ಬಾಲದವರೆಗೆ ಜಾಲಾಡಿ, ಒಂದು ಕುಂದೂ ಇಲ್ಲವೆಂದು ಹೇಳಿದ್ದ. ಎರಡಕ್ಕೂ ಸಾಹುಕಾರರು ಮುಖ ಸಿಂಡರಿಸಿ ಬೇಡವೆಂದಿದ್ದರು.

ಮೂರನೆಯದರ ಮುಂದೆ ನಿಂತಾಗಲೂ ಸಾಹುಕಾರರದು ಮೊದಲಿನಿಂದ ಹೇಳುತ್ತ ಬಂದ ಅದೇ ಮಾತು.

"ಅಣ್ಣಾರು ಅಂದ್ರ ನನಗ ತಂದಿ ಇದ್ದಂಗರೀ. ಅವ್ರು ಕೂಡೂ ವಿಮಾನ. ಸಣ್ಣ ಊನ ಇದ್ರೂ ನನಗ ಗೊತ್ತಾಗಬೇಕು."

ಧರಣೇಂದ್ರ ಏಣಿ ಹತ್ತಿ, ತೆಂಗಿನಕಾಯಿ ತಟ್ಟಿ ನೋಡುವಂತೆ ಬಾಲದ ರೆಕ್ಕೆಯನ್ನು ರೂಪಾಯಿ ನಾಣ್ಯದಿಂದ ತಟ್ಟುತ್ತ ಹೋದ. ಟಣ್ ಟಣ್ ಎನ್ನುತ್ತಿದ್ದ ಸದ್ದು ಬುಡದ ಹತ್ತಿರ ಬಂದೊಡನೆ ದಬ್ ಎಂದಿತು. ಮತ್ತೆ ತಟ್ಟಿದ. ದಬ್.

ಕೆಳಗಿಳಿದು, ಮಾರುವವರಿಗೆ ಕೇಳದಂತೆ ಹೇಳಿದ.

"ಇದು ಬ್ಯಾಡ್ರಿ. ಒಳಗಿನ ಪದರ ಬಿಟ್ಟಾವ, ಹೊರಗ ಕಾಣೂದಿಲ್ಲ. ಮ್ಯಾಲೆ ಜೋರು ಗಾಳಿ ಸಿಕ್ರ ಬಾಲನ ಕಿತ್ತು ಹೋಗಬಹುದು."

"ಯಾವಾಗ?"

"ಹೇಳಾಕಾಗೂದಿಲ್ರಿ. ನಾಳೆ ಆದ್ರ ನಾಳೆ, ಇಲ್ಲಾ ಇನ್ನಾರು ತಿಂಗಳಿಗೆ."

"ಮತ್ತ ಯಾರಿಗೆ ಗೊತ್ತೈತಿ?"

"ನಮ್ಮಿಬ್ಬರಿಗಷ್ಟ."

ಸಾಹುಕಾರರು ತಲೆಯೆತ್ತಿ ಆ ಬಾಲವನ್ನೊಮ್ಮೆ ನೋಡಿದರು. ಆಮೇಲೆ ಅವನ ಹೆಗಲ ಮೇಲೆ ಮೆಲ್ಲಗೆ ಕೈಯಿಟ್ಟರು.

"ಹಂಗಾರ ಇದನ್ನ ತಗೊಳ್ಳೂಣು. ಬಿಳಿ ಬಣ್ಣ ಹೊಡಸ್ರಿ, ಅಣ್ಣಾರಿಗೆ ಬಿಳಿ ಭಾಳ ಸೇರತೈತಿ."