ಬೇಲಿಯಾಚೆಯ ಸೊಪ್ಪು

ಸನಾವುಲ್ಲಾ ಡ್ರಮ್ಮಿಗೆ ನೀರು ತುಂಬಿ ಔಷಧಿ ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ಗಿರಿಜಾಂಬ ಬೇಲಿ ದಾಟಿ ಓಡಿಬಂದಳು. ಸೊಪ್ಪು ಕುಯ್ಯುವ ಕುಡುಗೋಲು ಕೈಯಲ್ಲಿ ಹಾಗೇ ಇತ್ತು.

“ಅಣ್ಣ, ಒಸಿ ತಡೀರಿ,” ಎಂದಳು. “ಗಾಳಿ ನಮ್ ಕಡೀಕೇ ಬೀಸ್ತಾ ಐತೆ.”

ಸನಾವುಲ್ಲಾ ರಾಮನಗರದ ಮಾವಿನ ವ್ಯಾಪಾರಿ. ಉಯ್ಯಂಬಳ್ಳಿಯ ಆ ತೋಪನ್ನು ಹೂ ಹೊರಡುವ ಮೊದಲೇ ಗುತ್ತಿಗೆ ಹಿಡಿದಿದ್ದ. ಜನವರಿಯ ಚಳಿಗೆ ಹೂಗೊಂಚಲುಗಳು ಚೆನ್ನಾಗಿಯೇ ಹೊರಟಿದ್ದವು. ಹಿಂದೆಯೇ ಜಿಗಿಹುಳುವೂ ಬಂದಿತ್ತು. ಮರದಡಿ ನಡೆದರೆ ಹುಳು ಮುಖಕ್ಕೆ ಚಟಪಟ ಬಡಿಯುತ್ತಿತ್ತು, ಎಲೆ ಮುಟ್ಟಿದರೆ ಕೈ ಅಂಟುತ್ತಿತ್ತು. ಹೂ ಅರಳುವ ಮೊದಲು ಔಷಧಿ ಹೊಡೆಯದಿದ್ದರೆ ರಸ ಹೀರಿ ಗೊಂಚಲನ್ನೆಲ್ಲ ಒಣಗಿಸಿಬಿಡುತ್ತದೆ. ಅದಕ್ಕೇ ಬೆಳಗಾಗುತ್ತಲೇ ಆಳುಗಳನ್ನು ಕರೆದುಕೊಂಡು ಬಂದಿದ್ದ.

ಬೇಲಿಯ ಆಚೆ ಗಿರಿಜಾಂಬಳ ಹಿಪ್ಪುನೇರಳೆ ತೋಟ, ಅದರ ಪಕ್ಕದಲ್ಲೇ ರೇಷ್ಮೆಹುಳು ಸಾಕುವ ಮನೆ. ಹುಳುಗಳು ನಾಲ್ಕನೇ ಜ್ವರ ಮುಗಿಸಿ, ಅಂದರೆ ಕೊನೆಯ ಸಲ ಪೊರೆ ಕಳಚಿ, ಹಸಿದು ಎದ್ದಿದ್ದವು. ಇನ್ನೊಂದು ವಾರ ಬಿಡದೆ ಮೇಯುತ್ತವೆ, ಆಮೇಲೆ ಗೂಡು ಕಟ್ಟುತ್ತವೆ. ಔಷಧಿಯ ಸೋಂಕು ಸೊಪ್ಪಿಗೆ ತಗುಲಿದರೆ ಏನಾಗುತ್ತದೆಂದು ಅವಳು ಹಿಂದಿನ ವರ್ಷ ತವರಿನಲ್ಲಿ ಕಣ್ಣಾರೆ ನೋಡಿದ್ದಳು. ಹುಳುಗಳು ತಲೆ ಎತ್ತಿ ಅಲ್ಲಾಡಿಸುತ್ತ ಹಸಿರು ನೀರು ಕಕ್ಕಿದ್ದವು. ಸಂಜೆಯ ಹೊತ್ತಿಗೆ ಮನೆ ತುಂಬ ಸೊಪ್ಪು ಮೇಯುವ ಸದ್ದೇ ನಿಂತುಹೋಗಿತ್ತು.

ಒಂದು ವಾರ ಕಾಯಿರಿ ಎಂದು ಕೇಳಿಕೊಂಡಳು. ಸನಾವುಲ್ಲಾ ಒಂದು ಕೊಂಬೆ ಬಗ್ಗಿಸಿ ಗೊಂಚಲು ತೋರಿಸಿದ. ತುದಿ ಆಗಲೇ ಕಪ್ಪಾಗುತ್ತಿತ್ತು.

“ವಾರ ಕಾದ್ರೆ ನನ್ಗೆ ಹೂವೇ ಉಳಿಯಲ್ಲ ಅಕ್ಕಾ.”

ಅದು ಅವಳಿಗೂ ಕಾಣುತ್ತಿತ್ತು. ಹಿಂದಿರುಗಿ ಹೊರಟಳು.

ಅವಳು ಬೇಲಿ ಮುಟ್ಟುವ ಮೊದಲೇ ಅವನು ಮತ್ತೆ ಕರೆದ. ಹುಳುವಿಗೆ ದಿನಕ್ಕೆ ಎಷ್ಟು ಸೊಪ್ಪು ಬೇಕೆಂದು ಕೇಳಿ, ದಾಸಪ್ಪನಿಗೆ ಫೋನ್ ಮಾಡಿದ. ದಾಸಪ್ಪ ಕನಕಪುರದ ಪಕ್ಕದ ರೈತ, ಹಳೆಯ ಪರಿಚಯ. ಮಗಳ ಮದುವೆಯ ಗಡಿಬಿಡಿಯಲ್ಲಿ ಆ ಸಲ ಹುಳು ಸಾಕಿರಲಿಲ್ಲ. ಸೊಪ್ಪು ತೋಟದಲ್ಲೇ ನಿಂತಿತ್ತು. ಎಷ್ಟು ಬೇಕೋ ಕುಯ್ದುಕೊಂಡು ಹೋಗು ಎಂದುಬಿಟ್ಟ.

ಫೋನ್ ಜೇಬಿಗಿಟ್ಟು ಸನಾವುಲ್ಲಾ ಹೇಳಿದ: “ಇವತ್ತು ಹೊಡೆಯಲ್ಲ, ನಾಳೆ ಹೊಡೀತೀನಿ. ಇವತ್ತು ನಮ್ಮೋರೆಲ್ಲ ನಿಮ್ ಸೊಪ್ಪು ಕುಯ್ಕೊಡ್ತಾರೆ. ಅದು ಮುಗಿದ್ಮೇಲೆ ಗೂಡು ಕಟ್ಟೋ ಗಂಟ ಸೊಪ್ಪು ತಂದಾಕೋದು ನನ್ ಜವಾಬ್ದಾರಿ.”

ಔಷಧಿ ಹೊಡೆಯಲು ಬಂದಿದ್ದ ಆಳುಗಳು ಮೊಣಕೈವರೆಗೂ ಸೋಪು ಹಾಕಿ ತೊಳೆದುಕೊಂಡು ಹಿಪ್ಪುನೇರಳೆ ತೋಟಕ್ಕಿಳಿದರು. ಕುಯ್ದ ಸೊಪ್ಪನ್ನು ನೆರಳಲ್ಲಿ ಒಟ್ಟಿ ಒದ್ದೆ ಗೋಣಿ ಹೊದಿಸಿದರು. ಮಾರನೆಯ ದಿನ ತೋಪಿಗೆ ಔಷಧಿ ಬೀಳುವಾಗ ಗಿರಿಜಾಂಬ, ಗಂಡ ಬಸವಲಿಂಗಯ್ಯ ಇಬ್ಬರೂ ಹುಳುಮನೆಯ ಕಿಟಕಿಗಳಿಗೆ ಒದ್ದೆ ಬಟ್ಟೆ ಕಟ್ಟಿ ಒಳಗೇ ಕೂತಿದ್ದರು. ಆಮೇಲೆ ದಿನಾ ಬೆಳಗ್ಗೆ, ಇಬ್ಬನಿ ಆರುವ ಮೊದಲೇ, ತೊಳೆದ ಟೆಂಪೋದಲ್ಲಿ ಸೊಪ್ಪು ತುಂಬಿಕೊಂಡು ಸನಾವುಲ್ಲಾ ಬಂದ. ಒಂದು ಲೋಟ ಟೀ ಕುಡಿದು, ಅದೂ ಇದೂ ಮಾತಾಡಿ ಹೋಗುತ್ತಿದ್ದ.

ಹುಳುಗಳು ಹಣ್ಣಾಗಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೇರಿದವು. ಗೂಡು ಗಟ್ಟಿಯಾಗಿ ಬಂತು. ಬಿಡಿಸುವ ದಿನ ಗಿರಿಜಾಂಬ ಅವನನ್ನು ಕರೆಸಿದಳು. ಒಂದು ಗೂಡು ತೆಗೆದು ಅವನ ಕೈಯಲ್ಲಿಟ್ಟಳು. ಅವನು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಕೋಶವಾಗಿದ್ದ ಹುಳು ಗಲಗಲ ಎಂದಿತು. ನಕ್ಕು ಹೊರಟ.

ಮೇ ತಿಂಗಳಲ್ಲಿ ಮಳೆ ಬೇಗ ಹಿಡಿದು, ಎಲ್ಲ ತೋಪುಗಳಿಗೂ ಹಣ್ಣುನೊಣ ಬಿತ್ತು. ಸನಾವುಲ್ಲಾ ಮರಮರಕ್ಕೆ ನೊಣ ಹಿಡಿಯುವ ಡಬ್ಬಿ ಕಟ್ಟಿಸಿದ್ದರೂ ಧೈರ್ಯವಿರಲಿಲ್ಲ. ಮಾಗಡಿ ಕಡೆಯ ತೋಪುಗಳ ಕೊಯ್ಲಿನಲ್ಲಿ ಸಿಕ್ಕಿಕೊಂಡು ಇತ್ತ ತಲೆ ಹಾಕಲೂ ಆಗಿರಲಿಲ್ಲ. ಕೊನೆಗೂ ಕಾಯಿ ಕೀಳಿಸಲು ಬಂದು ನೋಡಿದರೆ ಮರಗಳ ಬುಡದಲ್ಲಿ ಉದುರಿದ ಹಣ್ಣು ಒಂದೂ ಇರಲಿಲ್ಲ. ಯಾರೋ ಕದ್ದಿದ್ದಾರೆಂದುಕೊಂಡು ಬೇಲಿಯ ಕಡೆ ನಡೆದ.

ಅಲ್ಲಿ ಬಸವಲಿಂಗಯ್ಯ ಆಳವಾದ ಗುಂಡಿ ತೋಡಿದ್ದ. ಗಿರಿಜಾಂಬ ಕೊಳೆತ ಹಣ್ಣಿನ ಕುಕ್ಕೆಯನ್ನು ಅದರೊಳಕ್ಕೆ ಸುರಿಯುತ್ತಿದ್ದಳು. ಅವನನ್ನು ಕಂಡು ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ಬಿದ್ದ ಹಣ್ಣಲ್ಲೇ ನೊಣದ ಹುಳ ಹೆಚ್ಕೊಳ್ಳೋದು ಅಂತ ಟೀ ಕುಡೀತಾ ಅಂದಿದ್ರಲ್ಲ ನೀವು,” ಎಂದಳು. “ನಮ್ ರೇಷ್ಮೆಹುಳಕ್ಕೆ ಸೊಪ್ಪಾಕಿ ಬಂದು ದಿನಾ ಆಯ್ದಾಕ್ತಾ ಇದ್ವಿ. ಹೇಳಿದ್ರೆ ಬ್ಯಾಡ ಅಂತಿದ್ರಿ.”

ಸನಾವುಲ್ಲಾ ಬಸವಲಿಂಗಯ್ಯನ ಕೈಯಿಂದ ಗುದ್ದಲಿ ತೆಗೆದುಕೊಂಡು ಗುಂಡಿಗೆ ತಾನೇ ಮಣ್ಣೆಳೆದ.

ಆ ವಾರ ರಾಮನಗರದ ಮಂಡಿಯಲ್ಲಿ ಯಾರ ಬಾದಾಮಿ ಮಾವು ಕುಯ್ದರೂ ಒಳಗೆ ಬಿಳಿ ಹುಳು. ದಲಾಲಿ ಉದಯಶಂಕರ್ ಸನಾವುಲ್ಲಾನ ಕ್ರೇಟಿನಿಂದ ಒಂದು ಹಣ್ಣು ತೆಗೆದು ಕುಯ್ದ. ನಂಬದೆ ತಳದಿಂದ ಇನ್ನೊಂದು ತೆಗೆದು ಕುಯ್ದ. ತಿರುಳು ಸ್ವಚ್ಛವಾಗಿತ್ತು. ನೊಣಕ್ಕೆ ಯಾವ ಔಷಧಿ ಹೊಡೆದಿರಿ ಎಂದು ಕೇಳಿದ.

“ಔಷಧಿ ಏನಿಲ್ಲ,” ಎಂದ ಸನಾವುಲ್ಲಾ. “ಪಕ್ಕದ ತೋಟದಲ್ಲಿ ಗಿರಿಜಾಂಬ ಅಂತ ಒಬ್ರವ್ರೆ.”