ಮುಂಗೈ ಮೇಲೆ ಎರಡು ಗೀಟು

ಅರವತ್ತಡಿ ನೀರಿನ ಕೆಳಗೆ, ಆಕ್ಟೋಪಸ್ಸಿನ ಗವಿಯ ಮುಂದೆ, ಮೆರಿಲ್ ತನ್ನ ಎಡಗೈಯನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದ. ಆರ್ಡಿಸ್ ಅದನ್ನು ಕಂಡಳು. ಮೂವತ್ತೊಂದು ವರ್ಷ ಜೊತೆಗೆ ಬಾಳಿದ ಗಂಡ ಏನನ್ನೋ ಬಚ್ಚಿಡುತ್ತಿದ್ದಾನೆಂದು ತಿಳಿಯಲು ಅವಳಿಗೆ ಮಾತು ಬೇಕಿರಲಿಲ್ಲ. ನೀರೊಳಗೆ ಮಾತು ಹೇಗೂ ಇಲ್ಲ.

ಬೆಳಿಗ್ಗೆ ಹುಡ್ ಕೆನಾಲ್ ಎಂಬ ಕಡಲ ಕೊಲ್ಲಿಯ ದಂಡೆಯಲ್ಲಿ, ಪಿಕಪ್ ಗಾಡಿಯ ಹಿಂಬದಿಗೆ ಒರಗಿ ಸಿಲಿಂಡರ್ ಕಟ್ಟಿಕೊಳ್ಳುವಾಗ ಇದೇ ಎಡಗೈಯ ಜಂಬ ಹೇಳತೀರದಾಗಿತ್ತು. ಬೆನ್ನ ಮೇಲಿನ ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಎಂಬುದನ್ನು ತಂತಿ, ಕೊಳವೆ ಒಂದೂ ಇಲ್ಲದೆ ಮುಂಗೈಗೇ ತಿಳಿಸುವ, ಗಡಿಯಾರದಂಥ ಹೊಸ ಯಂತ್ರವೊಂದು ಅದಕ್ಕೆ ಕಟ್ಟಿತ್ತು. ಬಂದದ್ದೇ ತಡ, ಕೊಳವೆಯ ತುದಿಯಲ್ಲಿ ತೂಗಾಡುವ ಮುಳ್ಳಿನ ಮೀಟರನ್ನು ಮೆರಿಲ್ ಬಿಚ್ಚಿ ಗ್ಯಾರೇಜಿನ ಗೋಡೆಗೆ ನೇತುಹಾಕಿದ್ದ.

“ಅದೂ ಒಂದು ಇರ್ಲಿ ಅಂತ ಇಟ್ಕೋಬಾರ್ದೇನೋ? ಇದು ಕೈಕೊಟ್ರೆ?” ಎಂದಿದ್ದಳು ಆರ್ಡಿಸ್.

“ಬಾಲ ಬಿಟ್ಕೊಂಡು ಈಜೋ ಕಾಲ ಹೋಯ್ತು ಕಣೇ. ನಿನ್ನ ಮೀಟರನ್ನೂ ಮ್ಯೂಸಿಯಮ್ಮಿಗೆ ಕೊಟ್ಬಿಡು, ಗಾಜಿನ ಪೆಟ್ಟಿಗೇಲಿ ಇಟ್ಕೋತಾರೆ.”

“ಕೊಡ್ತೀನಿ, ಜೊತೇಗೆ ನಿನ್ನನ್ನೂ ಕೊಡ್ತೀನಿ. ದೊಡ್ಡ ಪೆಟ್ಟಿಗೆ ಮಾಡ್ಸೋಕೆ ಹೇಳ್ಬೇಕು ಅಷ್ಟೆ.”

ನಗುತ್ತಲೇ ನೀರಿಗಿಳಿದಿದ್ದರು. ಆರು ತಿಂಗಳಿಂದ ಒಂದು ಭಾನುವಾರವೂ ತಪ್ಪಿಸದೆ ಅವರು ಬರುತ್ತಿದ್ದುದು ಈ ಗವಿಗೇ. ಒಳಗೆ, ಚಾವಣಿಯಿಂದ ಮಲ್ಲಿಗೆ ಮಾಲೆಗಳಂತೆ ಇಳಿಬಿದ್ದ ಸಾವಿರಾರು ಮೊಟ್ಟೆಗಳನ್ನು ಕಾಯುತ್ತ, ಅನ್ನಾಹಾರ ಬಿಟ್ಟು ಕುಳಿತಿದ್ದಳು ತಾಯಿ. ಯಾರು ಬಂದರೂ ಕಣ್ಣು ಕಿರಿದು ಮಾಡಿ ನೋಡುತ್ತಾಳೆಂದು ಮೆರಿಲ್ ಅವಳಿಗೆ ತನ್ನ ಸೋದರತ್ತೆ ಇಂಗಾಳ ಹೆಸರಿಟ್ಟಿದ್ದ. ಇವತ್ತು ಇಂಗಾ ಬಿಳಿಚಿಕೊಂಡಿದ್ದಳು, ಸೋತಿದ್ದಳು. ಮೊಟ್ಟೆಗಳ ಮೇಲೆ ಅವಳು ಒಂದು ಸಲ ಜೋರಾಗಿ ನೀರು ಊದಿದಾಗ ಮೊದಲ ಮರಿ ಹೊರಗೆ ಚಿಮ್ಮಿತು. ಮೆರಿಲ್ ಕೈ ಬಚ್ಚಿಟ್ಟದ್ದು ಆಗಲೇ.

ಆರ್ಡಿಸ್ ಆ ಕೈಯನ್ನು ಎಳೆದು ತಿರುಗಿಸಿದಳು. ಅಂಕಿ ಇರಬೇಕಾದಲ್ಲಿ ಎರಡು ಗೀಟು. ಸಿಲಿಂಡರಿನಲ್ಲಿ ಅರ್ಧ ಗಾಳಿ ಇದೆಯೋ, ಅರೆಪಾಲೋ, ನಾಲ್ಕೇ ಉಸಿರೋ, ಹೇಳುವವರಿಲ್ಲ.

ಅವಳು ಹೆಬ್ಬೆರಳು ಮೇಲೆತ್ತಿದಳು: ನಡಿ, ಮೇಲಕ್ಕೆ.

ಮೆರಿಲ್ ಒಲ್ಲೆನೆಂದು ತಲೆಯಾಡಿಸಿದ. ಗವಿಯತ್ತ ಕೈ ತೋರಿ, ಐದು ಬೆರಳು ಅಗಲಿಸಿದ: ಐದೇ ನಿಮಿಷ. ಆಮೇಲೆ ಅವಳ ಎದೆಯ ಪಕ್ಕದಲ್ಲಿದ್ದ ಎರಡನೆಯ ಬಾಯಿಕೊಳವೆಯನ್ನು ತೋರಿಸಿದ: ನನ್ನದು ಮುಗಿದರೆ ನಿನ್ನದರಲ್ಲೇ ಉಸಿರಾಡುತ್ತೇನೆ.

ಆರ್ಡಿಸ್ ತನ್ನ ಮುಳ್ಳು ನೋಡಿಕೊಂಡಳು. ಅರ್ಧಕ್ಕಿಂತ ತುಸು ಮೇಲಿತ್ತು. ಗವಿಯೊಳಗೆ ಇಂಗಾ ಮತ್ತೆ ಊದಿದಳು. ಒಂದು ಹಿಡಿ ಮರಿಗಳು ಅರಳು ಹುರಿದಂತೆ ಸಿಡಿದು ಹಾರಿದವು. ಆರು ತಿಂಗಳು ಕಾದದ್ದು ಇದಕ್ಕೇ ಅಲ್ಲವೇ? ಐದೇ ನಿಮಿಷ ತಾನೇ, ಎಂದಿತು ಅವಳ ಮನಸ್ಸೂ. ಆದರೆ ಮೆರಿಲ್ ಮರಿಗಳನ್ನು ನೋಡುತ್ತಿರಲಿಲ್ಲ. ಎರಡು ಉಸಿರಿಗೊಮ್ಮೆ ಅವನ ಕಣ್ಣು ಆ ಗೀಟುಗಳ ಮೇಲೆಯೇ ಹೋಗಿ ಬೀಳುತ್ತಿತ್ತು. ಎದೆ ಕಮ್ಮಾರನ ತಿದಿಯಂತೆ ಏರಿಳಿಯುತ್ತಿತ್ತು.

ಈ ಸಲ ಅವಳು ಹೆಬ್ಬೆರಳನ್ನು ಅವನ ಮುಖಗವಸಿನ ಗಾಜಿಗೇ ಒತ್ತಿ ಹಿಡಿದಳು.

ಮೆರಿಲ್ ಬುಳುಬುಳನೆ ಗುಳ್ಳೆ ಬಿಟ್ಟ. ನೀರೊಳಗೂ ಮುನಿಸು ತೋರಿಸಬಲ್ಲ ಗಂಡಸು ಅವನು. ಆದರೂ ಅವಳ ಜೊತೆ ಮೇಲೇರಿದ. ಮೇಲ್ಮೈಗೆ ಹದಿನೈದಡಿ ಇರುವಾಗ ಆಳದ ಒತ್ತಡ ಕಳೆದು ಮೈ ಹದಕ್ಕೆ ಬರಲೆಂದು ಮೂರು ನಿಮಿಷ ನಿಲ್ಲಬೇಕು. ತೇಲುಬುರುಡೆಯ ಹಗ್ಗ ಹಿಡಿದು, ಅವಳಿಗೆ ಬೆನ್ನು ಮಾಡಿ ನಿಂತ.

ಆಗ ಆರ್ಡಿಸಳ ಮುಖದ ಮುಂದೆ ಒಂದು ಅಕ್ಕಿಕಾಳು ತೇಲಿ ಬಂತು. ಅದಕ್ಕೆ ಎಂಟು ಕಾಲುಗಳಿದ್ದವು. ಹಿಂದೆಯೇ ಇನ್ನೊಂದು, ಆಮೇಲೆ ಹತ್ತು. ಕೆಳಗೆ ನೋಡಿದರೆ ಕತ್ತಲೆಯಿಂದ ಸಾವಿರಾರು ಮರಿಗಳು ಬೆಳಕಿಗೆ ಮುಖ ಮಾಡಿ ಪುಸುಪುಸು ಏರಿ ಬರುತ್ತಿದ್ದವು. ಅವಳು ಗಂಡನ ಭುಜ ಹಿಡಿದು ತಿರುಗಿಸಿದಳು.

ಮೆರಿಲ್ ಹಗ್ಗ ಬಿಟ್ಟುಬಿಟ್ಟ. ಒಂದು ಮರಿ ಅವನ ಮುಖಗವಸಿನ ಗಾಜಿನ ಮೇಲೆ ಕುಳಿತು, ಕೆಂಪು ಚುಕ್ಕಿಗಳನ್ನು ಮಿಟುಕಿಸಿ, ಜಾರಿ ಮೇಲೆ ಹೋಯಿತು. ಮೂರು ನಿಮಿಷ ಕಳೆದದ್ದು ಇಬ್ಬರಿಗೂ ಗೊತ್ತಾಗಿತ್ತು. ಇಲ್ಲಿ ಬಯಲು ಗಾಳಿ ಎರಡು ಒದೆತದ ದೂರ. ಆರ್ಡಿಸ್ ತಾನಾಗಿಯೇ ಎರಡನೆಯ ಬಾಯಿಕೊಳವೆಯನ್ನು ಬಿಚ್ಚಿ ಅವನ ಬಾಯಿಗಿಟ್ಟಳು. ಅವಳ ಮುಳ್ಳು ಕೆಂಪುಗೆರೆ ಮುಟ್ಟುವ ತನಕ ಗಂಡ ಹೆಂಡತಿ ಒಂದೇ ಸಿಲಿಂಡರಿನ ಗಾಳಿ ಕುಡಿಯುತ್ತ, ಕೈಕೈ ಹಿಡಿದು, ಆ ಮರಿಗಳ ನಡುವೆ ತೇಲಿದರು.

ದಂಡೆಯಲ್ಲಿ ಬಿಸಿಲು ಕಾಯುತ್ತ ಫ್ಲಾಸ್ಕಿನ ಕಾಫಿ ಹೀರುವಾಗ ಮೆರಿಲ್‌ನ ಮುಂಗೈ ಟಿಕ್ಕೆಂದಿತು. ಗೀಟು ಹೋಗಿ ಅಂಕಿ ಮೂಡಿತ್ತು.

“ನೋಡಿದ್ಯಾ! ಚಳಿಗೆ ಬ್ಯಾಟರಿ ಮರಗಟ್ಟಿತ್ತು ಅಷ್ಟೆ. ಅರ್ಧ ಸಿಲಿಂಡರ್ ಗಾಳಿ ಇತ್ತು ಕಣೇ, ಅರ್ಧ! ಸುಮ್ಸುಮ್ನೆ ಎಬ್ಬಿಸ್ಕೊಂಡು ಬಂದೆ. ಎಷ್ಟು ಸರಿಯಾಗಿ ಹೇಳ್ತಿದೆ ನೋಡು ಈಗ.”

ಆರ್ಡಿಸ್ ಒದ್ದೆ ಕೂದಲು ಹಿಂಡಿಕೊಂಡಳು.

“ದಡ ಸೇರಿದ್ಮೇಲೆ ಎಲ್ರಿಗೂ ಈಜು ಬರುತ್ತೆ ಕಣೋ.”