ಅವ್ವನ ಕರಡಿಗೆ

ಅಂದು ಬೆಳಿಗ್ಗೆ ಸೊಲ್ಲಾಪುರಕ್ಕೆ ಮಂಜು ಮುಸುಕಿತ್ತು. ಕಲ್ಯಾಣಪ್ಪ ಸಾವಕಾರ ತನ್ನ ಇಸ್ಪೀಟು ಕ್ಲಬ್ಬಿನಲ್ಲಿ ಪಣಕ್ಕಿಡುವ ಮರದ ಬಿಲ್ಲೆಗಳನ್ನು ಬೊಗಸೆ ತುಂಬ ಹಿಡಿದು ಅಕ್ಕಸಾಲಿಗ ಮೌನೇಶ ಪತ್ತಾರನ ಮುಂದೆ ಕೂತ.

“ಇವಕ್ಕ ಕ್ಲಬ್ಬಿನ ಹೆಸರಿನ ಚೀಟಿ ಅಂಟಿಸಿದ್ರ ಸಾಲೂದಿಲ್ಲೇನ್ರಿ?” ಪತ್ತಾರ ಕೇಳಿದ.

“ಚೀಟಿ ಎಂಟ ದಿನದಾಗ ಕಿತ್ತ ಬರತಾವ. ಬೆಳ್ಳಿ ಅಕ್ಷರ ಕೂಡಸು. ನನ್ನ ಕಿಸೇದಾಗ ಅವ್ವನ ಲಿಂಗದ ಬೆಳ್ಳಿ ಕರಡಿಗಿ ಐತಿ, ತಗೋ. ಕರಗಸು.”

ಸಾವಕಾರನ ಅವ್ವ ಗುರುಲಿಂಗಮ್ಮನನ್ನು ಮಣ್ಣು ಮಾಡಿ ಒಂಬತ್ತೇ ದಿನವಾಗಿತ್ತು. ಪತ್ತಾರ ಅವನ ಕಿಸೆಯಿಂದ ಕರಡಿಗೆ ತೆಗೆದು ಮುಚ್ಚಳ ಬಿಚ್ಚಿದ. ಆಕೆ ಜೀವಮಾನವೆಲ್ಲ ಪೂಜಿಸಿದ, ಆಕೆಯ ಅಂಗೈಯಲ್ಲೇ ಮಣ್ಣಿಗೆ ಹೋಗಬೇಕಿದ್ದ ಇಷ್ಟಲಿಂಗ ಒಳಗೇ ಇತ್ತು.

“ಹಂಗಾದ್ರ ಆಕಿ ಕೈಯಾಗ ಏನ್ ಇಟ್ರಿ?”

“ಬೆಳ್ಳಿ ಆಶಾಕ್ಕ, ಕರಡಿಗೀನ ದವಾಖಾನ್ಯಾಗ ಕಳೀತಂತ ಸ್ವಾಮಿಗೋಳಿಗೆ ಹೇಳ್ದೆ. ಮಠದಿಂದ ಬ್ಯಾರೇ ಲಿಂಗ ತಂದಿಟ್ರು.” ಸಾವಕಾರನ ದನಿ ಇಳಿಯಿತು. “ಇದನ್ನ ತೆರದ ನೋಡೂ ಧೈರ್ಯ ಆಗಲಿಲ್ಲೋ ಪತ್ತಾರ.”

ಪತ್ತಾರ ಅವನ ಬೊಗಸೆಯಿಂದ ಬಿಲ್ಲೆಗಳನ್ನು ಒಂದೊಂದಾಗಿ ತೆಗೆದು ಕೆಳಗಿಟ್ಟ. ಬರಿದಾದ ಆ ಅಂಗೈಯಲ್ಲಿ ಲಿಂಗವನ್ನು ಮೆಲ್ಲನೆ ಇಟ್ಟ.